ಗಂಡಸಿಯ ಲೆಕ್ಕ

ಅರಸೀಕೆರೆ, ಮಾರ್ಚ್ 2025

ಎಪಿಎಂಸಿ ಎದುರಿನ ಹೋಟೆಲಿನಲ್ಲಿ ಇವತ್ತೂ ಮಾತು ಜೋರಾಯಿತು. ಕೊಬ್ಬರಿ ಟೆಂಡರ್ ಮುಗಿಸಿ ಬಂದ ನಾಲ್ಕೈದು ಮಂದಿ, ಎಲ್ಲರೂ ನನಗೆ ಗೊತ್ತಿರುವವರೇ, ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ರಾಜ್ಯದ ಬಜೆಟ್ ಮಂಡನೆಯಾಗಿ ಎರಡು ವಾರವಾಗಿದೆ. "ಎಲ್ಲಾ ದುಡ್ಡೂ ಫ್ರೀ ಕೊಟ್ಟು ಕೂತವ್ರೆ, ಊರ ರಸ್ತೆ ಗುಂಡಿಗೆ ಒಂದ್ ಬುಟ್ಟಿ ಜಲ್ಲಿ ಹಾಕಕ್ಕೂ ಕಾಸಿಲ್ಲ" ಎಂದು ಒಬ್ಬ. "ನಮ್ ತೆರಿಗೆ ದಿಲ್ಲಿಯವ್ರು ಇಟ್ಕಂಡ್ರೆ ಇಲ್ಲಿಯವ್ರು ಎಲ್ಲಿಂದ ತರ್ತಾರಣ್ಣಾ?" ಎಂದು ಇನ್ನೊಬ್ಬ. ಮೂರನೆಯವರು ಜಾತ್ಯತೀತ ಜನತಾ ದಳದ ಹಳಬರು. 2023ರ ಮೇ ತಿಂಗಳಲ್ಲಿ ಬಿಜೆಪಿಯ ವಿರುದ್ಧ ಮನೆಮನೆ ತಿರುಗಿ ಓಟು ಕೇಳಿದವರು. ಅದೇ ಸೆಪ್ಟೆಂಬರಿನಲ್ಲಿ ಎರಡೂ ಪಕ್ಷಗಳು ಕೈಜೋಡಿಸಿದ ಮೇಲೆ ಇಂಥ ಮಾತು ಬಂದಾಗ ಅವರು ಸುಮ್ಮನೆ ಕಾಫಿ ಕುಡಿಯುತ್ತಾರೆ.

ಎಲ್ಲಾ ದುಡ್ಡು ಎಂದರೆ ಎಷ್ಟು? ಒಟ್ಟು ಬಜೆಟ್ಟು ₹4,09,549 ಕೋಟಿ. ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಎತ್ತಿಟ್ಟಿದ್ದು ₹51,034 ಕೋಟಿ. ಮನೆಗೆ ಬಂದು ಭಾಗಿಸಿದೆ: ರೂಪಾಯಿಗೆ ಎರಡಾಣೆ, ಎಂಟರಲ್ಲಿ ಒಂದು ಪಾಲು. ಎರಡಾಣೆ ಸಣ್ಣದಲ್ಲ. ಆದರೆ ಅದು ಹದಿನಾರಾಣೆಯೂ ಅಲ್ಲ. ಒಂದು ಗಂಟೆ ನಡೆದ ವಾದದಲ್ಲಿ ಯಾರೂ ಈ ಭಾಗಾಕಾರ ಮಾಡಲಿಲ್ಲ, ನನ್ನ ಹಳೆಯ ವಿದ್ಯಾರ್ಥಿಗಳೂ ಮಾಡಲಿಲ್ಲ. ನನಗೆ ಬೇಸರವಾಯಿತು.

ಕೊನೆಗೆ ಎದ್ದು ಹೋಗುವಾಗ ಯಾರೋ ಅಂದರು: "ಜನಸಂಖ್ಯೆ ಹಿಂಗೇ ಏರ್ತಾ ಹೋದ್ರೆ ಯಾವ ಸರ್ಕಾರ ಬಂದ್ರೂ ಏನ್ ಮಾಡಕಾಯ್ತದೆ?" ಎಲ್ಲರೂ ತಲೆಯಾಡಿಸಿದರು. ಇಡೀ ಬೆಳಗ್ಗೆ ಎರಡೂ ಕಡೆಯವರು ಒಪ್ಪಿದ ಮಾತು ಅದೊಂದೇ. ನಮ್ಮ ಊರಿನ ಮಟ್ಟಿಗೆ ಪೂರ್ತಿ ತಪ್ಪಾದ ಮಾತೂ ಅದೊಂದೇ.

ಅದೇ ರಾತ್ರಿ

ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17.21 ಲಕ್ಷ, 2011ರಲ್ಲಿ 17.76 ಲಕ್ಷ. ಹತ್ತು ವರ್ಷಕ್ಕೆ ನೂರಕ್ಕೆ ಮೂರು. ಅದೇ ಹತ್ತು ವರ್ಷದಲ್ಲಿ ರಾಜ್ಯ ಬೆಳೆದದ್ದು ನೂರಕ್ಕೆ ಹದಿನೈದೂವರೆ, ಬೆಂಗಳೂರು ನಗರ ಜಿಲ್ಲೆ ನಲವತ್ತೇಳು. ಪಕ್ಕದ ಚಿಕ್ಕಮಗಳೂರಿನಲ್ಲಿ ಜನ ಹೆಚ್ಚಲೇ ಇಲ್ಲ, ಒಂದಷ್ಟು ಕಡಿಮೆಯೇ ಆದರು. ನಮ್ಮ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,010 ಹೆಂಗಸರು. ಹೆಣ್ಣುಮಕ್ಕಳನ್ನು ಉಳಿಸಿಕೊಂಡಿದ್ದೇವೆ ಎಂದು ಇದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ನನಗೆ ಇದರಲ್ಲಿ ಊರು ಬಿಟ್ಟು ಹೋದ ಗಂಡುಮಕ್ಕಳೂ ಕಾಣುತ್ತಾರೆ.

ಆಮೇಲೆ ನಡೆದ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ತಂದೆತಾಯಿ ಇಬ್ಬರ ಜಾಗ ತುಂಬಲು ಬೇಕಾದದ್ದು 2.1. ಜನ ಉಕ್ಕುತ್ತಿದ್ದಾರೆ ಎಂದು ಹೋಟೆಲಿನಲ್ಲಿ ಹೇಳಿದವರ ಮನೆಗಳನ್ನು ನಾನು ಬಲ್ಲೆ. ಇಬ್ಬರ ಮನೆಯಲ್ಲಿ ಒಂದೊಂದೇ ಮಗು. ಉಳಿದವರ ಮನೆಯಲ್ಲಿ ರಾತ್ರಿ ಉರಿಯುವುದು ಅಡುಗೆಮನೆಯ ದೀಪವೊಂದೇ, ಮಕ್ಕಳೆಲ್ಲ ಬೆಂಗಳೂರಿನಲ್ಲಿ.

ನಾನು ಮೊದಲು ಕೆಲಸಕ್ಕೆ ಸೇರಿದ ಹಳ್ಳಿಯ ಶಾಲೆಯಲ್ಲಿ ಒಂದು ತರಗತಿಗೆ ಕೂರಿಸಲು ಮಣೆ ಸಾಲುತ್ತಿರಲಿಲ್ಲ. ಹೋದ ವರ್ಷ ಆ ದಾರಿಯಲ್ಲಿ ಹೋದಾಗ ಇಳಿದು ನೋಡಿದೆ. ಒಂದರಿಂದ ಐದರವರೆಗಿನ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿದ್ದರು.

ಗಂಡಸಿ ಹ್ಯಾಂಡ್‌ಪೋಸ್ಟ್, ಮಾರ್ಚ್ ಕೊನೆಯ ವಾರ

22ನೇ ತಾರೀಕು ಚೆನ್ನೈನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಸಭೆ ಕರೆದಿದ್ದರು, ನಮ್ಮ ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್ ಹೋಗಿದ್ದರು. ಕ್ಷೇತ್ರ ಮರುವಿಂಗಡಣೆಯಾದರೆ ದಕ್ಷಿಣಕ್ಕೆ ಅನ್ಯಾಯ ಎನ್ನುವುದು ವಿಷಯ. ಲೋಕಸಭೆಯ ಸ್ಥಾನಗಳು 1971ರ ಜನಗಣತಿಯ ಮೇಲೆ ನಿಂತಿವೆ. 1976ರ ತಿದ್ದುಪಡಿಯಿಂದ ಅಲ್ಲಿಗೇ ನಿಲ್ಲಿಸಿದರು, ಆಮೇಲೆ 2026ರ ತನಕ ಎಂದು ಮುಂದೂಡಿದರು. ಈಗ ಗಡುವು ಹತ್ತಿರ ಬಂದಿದೆ. ಸಂತಾನ ಮಿತಿ ಪಾಲಿಸಿದವರಿಗೆ ಶಿಕ್ಷೆಯೇ ಎಂದು ಒಂದು ಪಕ್ಷ. ಒಂದು ಸ್ಥಾನವೂ ಕಡಿಮೆಯಾಗುವುದಿಲ್ಲ, ಸುಮ್ಮನೆ ಹೆದರಿಸುತ್ತಿದ್ದಾರೆ ಎಂದು ಇನ್ನೊಂದು.

ಹ್ಯಾಂಡ್‌ಪೋಸ್ಟಿನ ಅಂಗಡಿಕಟ್ಟೆಯಲ್ಲಿ ಈ ಮಾತು ಕೇಳುತ್ತಾ ನಿಂತಿದ್ದಾಗ ನನಗೆ ಥಟ್ಟನೆ ಹೊಳೆಯಿತು: ಯಾವ ನೆಲದ ಮೇಲೆ ನಿಂತು ಈ ಮಾತಾಡುತ್ತಿದ್ದೇವೆ? ನಮ್ಮ ತಾಲ್ಲೂಕಿನ ಗಂಡಸಿ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. 2004ರ ಚುನಾವಣೆಯವರೆಗೂ ಇತ್ತು. 2008ರಲ್ಲಿ 2001ರ ಗಣತಿಯ ಮೇಲೆ ರಾಜ್ಯದೊಳಗೆ ಹೊಸ ವಿಂಗಡಣೆ ಬಂದಾಗ ಅದು ಇಲ್ಲವಾಯಿತು, ಹಳ್ಳಿಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋದವು. ಹಾಸನ ಜಿಲ್ಲೆಯ ಎಂಟು ಸ್ಥಾನ ಏಳಾಯಿತು. ಹೊಸ ವಿಂಗಡಣೆಯ ಮೇಲೆ ದೇಶದಲ್ಲೇ ಮೊದಲು ಚುನಾವಣೆ ನಡೆದ ರಾಜ್ಯ ನಮ್ಮದು.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. 2001ರಲ್ಲಿ ರಾಜ್ಯದ ಜನ 5.28 ಕೋಟಿ, ಸ್ಥಾನ 224. ಒಂದು ಸ್ಥಾನಕ್ಕೆ ಸುಮಾರು 2.36 ಲಕ್ಷ ಜನ. ಹಾಸನದ 17.21 ಲಕ್ಷವನ್ನು ಅದರಿಂದ ಭಾಗಿಸಿದರೆ 7.3. ಬೆಂಗಳೂರು ನಗರ ಜಿಲ್ಲೆಯ 65.37 ಲಕ್ಷವನ್ನು ಭಾಗಿಸಿದರೆ 27.7. ನಮಗೆ ಏಳು, ಅವರಿಗೆ ಇಪ್ಪತ್ತೆಂಟು. ಲೆಕ್ಕದಲ್ಲಿ ತಪ್ಪಿಲ್ಲ. 2011ರ ಅಂಕಿ ಹಾಕಿ ಮತ್ತೊಮ್ಮೆ ಮಾಡಿದೆ: ಹಾಸನಕ್ಕೆ ಆರೂವರೆ, ಬೆಂಗಳೂರಿಗೆ ಮೂವತ್ತೈದು. ಹೊಸ ಗಣತಿ ಬಂದ ಮೇಲೆ ಈ ಆರೂವರೆ ಎಲ್ಲಿಗೆ ಇಳಿಯುತ್ತದೋ ಎಂದು ಬಹಳ ಹೊತ್ತು ಯೋಚಿಸಿದೆ.

ಉತ್ತರದವರು ದಕ್ಷಿಣಕ್ಕೆ ಮಾಡಬಹುದು ಎಂದು ಈಗ ಹೆದರುತ್ತಿರುವುದು ನಮ್ಮ ತಾಲ್ಲೂಕಿಗೆ ಹದಿನೇಳು ವರ್ಷದ ಹಿಂದೆಯೇ ಆಗಿದೆ. ಆಗ ಯಾವ ಸಭೆ ಸೇರಿತ್ತೋ ನನಗೆ ನೆನಪಿಲ್ಲ. ಇವತ್ತು ಅಂಗಡಿಕಟ್ಟೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನನ್ನು ಕೇಳಿದೆ. ಗಂಡಸಿಗೆ ಒಬ್ಬ ಎಂಎಲ್ಎ ಇದ್ದರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಒಂದು ಜೋಡಿ

ಗಂಡಸಿ ಕ್ಷೇತ್ರ ಇಲ್ಲವಾದ ವರ್ಷವೇ ಬೆಂಗಳೂರಿನಲ್ಲಿ ದಾಸರಹಳ್ಳಿ ಕ್ಷೇತ್ರ ಹುಟ್ಟಿತು. ನನ್ನ ತಂಗಿಯ ಮಗ ದಾಸರಹಳ್ಳಿಯಲ್ಲಿದ್ದಾನೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಅವನ ಬೀದಿಯಲ್ಲಿ ಹಾಸನ, ತುಮಕೂರು, ಮಂಡ್ಯದ ಮಾತೇ ಕೇಳಿಸುತ್ತದೆ. ನಾವು ಕಳೆದುಕೊಂಡ ಸ್ಥಾನವನ್ನು ಬೇರೆ ಯಾರೋ ಕಿತ್ತುಕೊಂಡರು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮಕ್ಕಳ ತಲೆಗಳೇ ಅಲ್ಲಿಗೆ ಹೋಗಿ ಅಲ್ಲಿ ಒಂದು ಕ್ಷೇತ್ರವಾದವು.

ಆದರೆ ಅವನ ಓಟು ಊರಿನಲ್ಲೇ ಇದೆ. 2023ರ ಮೇ 10ಕ್ಕೆ ಹಿಂದಿನ ರಾತ್ರಿ ರೈಲಿನಲ್ಲಿ ನಿಂತುಕೊಂಡೇ ಬಂದ. ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ಆ ನಸುಕಿನಲ್ಲಿ ಜಾತ್ರೆಯಂತಿತ್ತು. ಗಣತಿಯಲ್ಲಿ ಅವನು ಬೆಂಗಳೂರಿನವನು, ಓಟಿನಲ್ಲಿ ಅರಸೀಕೆರೆಯವನು, ರೇಷನ್ ಕಾರ್ಡಿನಲ್ಲಿ ಈಗಲೂ ಅವ್ವನ ಜೊತೆ. ಮೂರು ಪಟ್ಟಿ, ಮೂರು ಲೆಕ್ಕ. ಟಿವಿಯಲ್ಲಿ ವಾದಿಸುವವರು ಅವನನ್ನು ಯಾವ ಪಟ್ಟಿಯಿಂದ ಓದುತ್ತಿದ್ದಾರೆ ಎಂದು ನನಗೆ ಯಾವತ್ತೂ ತಿಳಿದಿಲ್ಲ.

ಏಪ್ರಿಲ್ 2

ನಿನ್ನೆಯಿಂದ ಹಾಲಿಗೆ ಲೀಟರಿಗೆ ₹4 ಜಾಸ್ತಿ. ಜೊತೆಗೆ ಕರೆಂಟಿಗೂ ಏರಿಕೆ. ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದು ಏರಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾರೆ ಎಂದು ವಿರೋಧ ಪಕ್ಷ ಬೀದಿಗಿಳಿಯುವ ತಯಾರಿಯಲ್ಲಿದೆ. ಹಾಲಿಗೆ ಹೆಚ್ಚಿಸಿದ ದುಡ್ಡು ರೈತರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳುತ್ತಿದೆ.

ತಂಗಿ ಡೇರಿಗೆ ದಿನಕ್ಕೆ ಏಳೆಂಟು ಲೀಟರ್ ಹಾಲು ಹಾಕುತ್ತಾಳೆ. ಫೋನಿನಲ್ಲಿ ಖುಷಿಯಾಗಿದ್ದಳು. ರಾತ್ರಿ ಅವಳ ಮಗ ಫೋನ್ ಮಾಡಿದ್ದ: "ಮಾವ, ಎರಡು ಮಕ್ಕಳಿಗೆ ದಿನಕ್ಕೆ ಎರಡು ಲೀಟರ್ ಬೇಕು, ತಿಂಗಳಿಗೆ ಇನ್ನೂರೈವತ್ತರ ಹತ್ತಿರ ಜಾಸ್ತಿ ಆಯ್ತು." ತಾಯಿಗೆ ಬಂದ ನಾಲ್ಕು ರೂಪಾಯಿ ಮಗ ಕೊಟ್ಟದ್ದು. ಇಬ್ಬರದೂ ನ್ಯಾಯವೇ. ಪಕ್ಷದವರು ಇಬ್ಬರಲ್ಲಿ ಒಬ್ಬರನ್ನು ಮಾತ್ರ ಮುಂದೆ ನಿಲ್ಲಿಸುತ್ತಾರೆ, ಅವರಿಬ್ಬರೂ ಒಂದೇ ಮನೆಯವರು ಎಂದು ನೆನೆಯುವುದಿಲ್ಲ.

ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ

ಬಸ್ಸಿನ ತುಂಬ ಹೆಂಗಸರು. ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ, ಈಗ ಎರಡು ವರ್ಷವಾಗುತ್ತಾ ಬಂತು. ಹಿಂದಿನ ಸೀಟಿನ ಹಿರಿಯರೊಬ್ಬರು ಗೊಣಗುತ್ತಿದ್ದರು: ಟಿಕೆಟಿಗೆ ದುಡ್ಡು ಕೊಟ್ಟೂ ನಿಂತುಕೊಳ್ಳಬೇಕು, ಮೊಣಕಾಲು ನೋವು. ಅವರ ದೂರಿನಲ್ಲಿ ಸುಳ್ಳಿಲ್ಲ. ಬಸ್ಸುಗಳು ಸಾಲುತ್ತಿಲ್ಲ. ನಾನು ಎದ್ದು ಜಾಗ ಕೊಟ್ಟೆ.

ಪಕ್ಕದಲ್ಲಿದ್ದ ಹೆಣ್ಣುಮಗಳು ಅರಸೀಕೆರೆಗೆ ಸೊಸೆಯಾಗಿ ಬಂದವಳು, ತವರು ಹಳೇಬೀಡಿನ ಹತ್ತಿರದ ಹಳ್ಳಿ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಮಾತ್ರೆ, ಬ್ರೆಡ್ಡು, ಒಂದು ಸೀರೆ. ಅಣ್ಣಂದಿರಿಬ್ಬರೂ ಬೆಂಗಳೂರಿನಲ್ಲಿ, ತವರಲ್ಲಿ ತಾಯಿ ಒಬ್ಬರೇ, ಬಿಪಿ ಸಕ್ಕರೆ ಎರಡೂ ಇದೆ. "ಮೊದ್ಲು ಹಬ್ಬಕ್ಕೊಂದ್ಸಲ ಹೋಯ್ತಿದ್ದೆ ಸಾ. ಬಸ್ ಚಾರ್ಜ್ ಕೊಡಿ ಅಂತ ಮನೇಲಿ ಕೇಳಕ್ಕೆ ಸಂಕೋಚ. ಈಗ ಪ್ರತಿ ಗುರುವಾರ ಹೋಗ್ತೀನಿ. ಅವ್ವಂಗೆ ತಲೆಗೆ ನೀರು ಹಾಕಿ, ಎರಡು ದಿನದ ಸಾರು ಮಾಡಿಟ್ಟು, ಸಂಜೆ ಬಸ್ಸಿಗೆ ವಾಪಸ್ ಬತ್ತೀನಿ."

ಈ ಖರ್ಚು ಬಿಟ್ಟಿ ಭಾಗ್ಯವೋ, ಅಭಿವೃದ್ಧಿಯೋ ಎಂದು ವಿಧಾನಸಭೆಯಲ್ಲಿ ಎರಡು ವರ್ಷದಿಂದ ಕೂಗಾಟ. ಹೆಣ್ಣುಮಕ್ಕಳು ದೇವಸ್ಥಾನ ಸುತ್ತುತ್ತಾರೆ ಎಂದು ಒಬ್ಬರು, ಅವರು ಕೆಲಸಕ್ಕೆ ಹೋಗುತ್ತಾರೆ ಎಂದು ಇನ್ನೊಬ್ಬರು. ಇವಳು ಎರಡಕ್ಕೂ ಸೇರುವುದಿಲ್ಲ. ಮಕ್ಕಳಿಲ್ಲದೆ ಬರಿದಾದ ಹಳ್ಳಿಯಲ್ಲಿ ಒಬ್ಬ ಮುದುಕಿಗೆ ವಾರಕ್ಕೊಮ್ಮೆ ಮಗಳ ಕೈ ಸಿಗುತ್ತಿದೆ, ಅದಕ್ಕೆ ಸರ್ಕಾರದ ದುಡ್ಡು ಹೋಗುತ್ತಿದೆ. ನಾನು ಶಕ್ತಿ ಯೋಜನೆಯ ಬಗ್ಗೆ ಹಿಂದೆ ಅನುಮಾನದಿಂದ ಬರೆದುಕೊಂಡದ್ದು ಇದೇ ನೋಟ್‌ಬುಕ್ಕಿನಲ್ಲಿದೆ. ಅದನ್ನು ಅಳಿಸುವುದಿಲ್ಲ, ಆದರೆ ಇವಳನ್ನು ಅದರ ಪಕ್ಕದಲ್ಲಿ ಬರೆದಿಡುತ್ತೇನೆ.

ಹಳೇಬೀಡು, ಅದೇ ದಿನ

ಹೊಯ್ಸಳೇಶ್ವರದ ಆವರಣದಲ್ಲಿ ಪ್ರವಾಸಿಗಳು ಕಿಕ್ಕಿರಿದಿದ್ದರು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರು ಹೆಚ್ಚಾದರು ಎಂದು ಎಳನೀರಿನವರು ಹೇಳಿದರು. ನಾನು ಗುಡಿಯಿಂದ ಈಚೆ ಬಂದು ದ್ವಾರಸಮುದ್ರ ಕೆರೆಯ ಏರಿ ಮೇಲೆ ಕೂತೆ.

ಹೊಯ್ಸಳರ ಕಾಲದ ಶಾಸನಗಳಲ್ಲಿ ತೆರಿಗೆಗಳ ಹೆಸರು ಓದುವುದು ನನ್ನ ಹಳೆಯ ಚಪಲ: ಹೆಜ್ಜುಂಕ, ಕಿರುಕುಳ, ಗಾಣದೆರೆ, ಮಗ್ಗದೆರೆ, ಮನೆವಣ. ಸರಕು, ಗಾಣ, ಮಗ್ಗ, ಮನೆ ಎಲ್ಲಕ್ಕೂ ಲೆಕ್ಕವಿದೆ. ದತ್ತಿ ಕೊಟ್ಟ ಗದ್ದೆಗೆ ನಾಲ್ಕು ದಿಕ್ಕಿನ ಗಡಿಯಿದೆ. ಊರಲ್ಲಿ ಎಷ್ಟು ತಲೆ ಎಂದು ಬರೆದದ್ದನ್ನು ಮಾತ್ರ ನಾನು ಓದಿದ ಯಾವುದರಲ್ಲೂ ಕಂಡಿಲ್ಲ. ರಾಜಧಾನಿಯಾಗಿದ್ದ ಊರು. 1311ರಲ್ಲಿ ಮಲಿಕ್ ಕಾಫರ್ ದಂಡು ಬಂತು, ಆಮೇಲೆ ಕ್ರಮೇಣ ಬೀಡು ಹಳೆಯದಾಯಿತು. ಎಷ್ಟು ಜನ ಬಿಟ್ಟು ಹೋದರು, ಯಾವ ಊರಿಗೆ ಹೋದರು, ಯಾರೂ ಬರೆದಿಡಲಿಲ್ಲ. ಈಗ ಎಲ್ಲವನ್ನೂ ಬರೆದಿಡುತ್ತೇವೆ, ಆದರೂ ಹೋದವರ ಬಗ್ಗೆ ಮಾತಿಲ್ಲ.

ಈ ಸೀಮೆಯ ಮೂಲಕವೇ ಎತ್ತಿನಹೊಳೆ ನೀರಿನ ಯೋಜನೆಯ ಕಾಲುವೆ ಹೋಗುತ್ತದೆ. ಸರ್ಕಾರದ ಖರ್ಚಿನ ಬಗ್ಗೆ ಗ್ಯಾರಂಟಿಯಷ್ಟು ಗದ್ದಲ ಈ ಯೋಜನೆಯ ಬಗ್ಗೆ ಯಾಕೆ ಏಳುವುದಿಲ್ಲ ಎಂಬುದು ನನ್ನ ಬಹುಕಾಲದ ಪ್ರಶ್ನೆ. 2012ರಲ್ಲಿ ಬಿಜೆಪಿ ಆಳ್ವಿಕೆಯಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು ₹8,323 ಕೋಟಿ. 2014ರಲ್ಲಿ ಕಾಂಗ್ರೆಸ್ ಶಂಕುಸ್ಥಾಪನೆ ಮಾಡಿತು, ಅಂದಾಜು ₹12,912 ಕೋಟಿಗೆ ಏರಿತು. ಈಗ ₹23,251 ಕೋಟಿ. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ ಸಕಲೇಶಪುರದ ದೊಡ್ಡನಗರದಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಮುಂದಿನ ಕಾಲುವೆ ಪೂರ್ತಿಯಾಗದೆ ಎತ್ತಿದ ನೀರನ್ನು ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಪ್ರತಿ ಪಕ್ಷವೂ ಯಾವುದೋ ಒಂದು ವರ್ಷ ಈ ಕಡತಕ್ಕೆ ಸಹಿ ಹಾಕಿದೆ. ಅದಕ್ಕೇ ಇರಬೇಕು, ಗಂಟಲು ಹರಿಯುವಂತೆ ಕೇಳುವವರು ಇಲ್ಲ. ಅರಸೀಕೆರೆಯ ಒಣ ಕೆರೆಗಳಿಗೆ ನೀರು ಬರಲಿ ಎಂದು ನಾನೂ ಕಾಯುತ್ತಿದ್ದೇನೆ. ಕಾಯುವವನಿಗೆ ಕೇಳುವ ಹಕ್ಕೂ ಇದೆ.

ಬೇಲೂರು

ಬಸ್ ನಿಲ್ದಾಣದ ಪಕ್ಕದ ಕ್ಷೌರದಂಗಡಿಯಲ್ಲಿ ಅರ್ಧ ಗಂಟೆ. ಇಲ್ಲಿನ ಮತದಾರರು ಕಳೆದ ಮೂರು ವಿಧಾನಸಭಾ ಚುನಾವಣೆಯಲ್ಲಿ ಮೂರು ಪಕ್ಷಕ್ಕೆ ಅವಕಾಶ ಕೊಟ್ಟವರು: 2013ರಲ್ಲಿ ಕಾಂಗ್ರೆಸ್ಸಿನ ವೈ. ಎನ್. ರುದ್ರೇಶಗೌಡ, 2018ರಲ್ಲಿ ದಳದ ಕೆ. ಎಸ್. ಲಿಂಗೇಶ್, 2023ರಲ್ಲಿ ಬಿಜೆಪಿಯ ಎಚ್. ಕೆ. ಸುರೇಶ್. ಅತ್ತ ಅರಸೀಕೆರೆಯಲ್ಲಿ 2008ರಿಂದ ಶಾಸಕರು ಒಬ್ಬರೇ, ಕೆ. ಎಂ. ಶಿವಲಿಂಗೇಗೌಡ. ಮೂರು ಸಲ ದಳದಿಂದ, ನಾಲ್ಕನೆಯ ಸಲ ಕಾಂಗ್ರೆಸ್ಸಿನಿಂದ. ರಾಜ್ಯದಲ್ಲಿ ಕಾಂಗ್ರೆಸ್ 135, ಬಿಜೆಪಿ 66, ದಳ 19 ಬಂದ ಅಲೆಯಲ್ಲಿ ನಮ್ಮ ಜಿಲ್ಲೆ ದಳಕ್ಕೆ ನಾಲ್ಕು, ಬಿಜೆಪಿಗೆ ಎರಡು, ಕಾಂಗ್ರೆಸ್ಸಿಗೆ ಒಂದು ಕೊಟ್ಟಿತು.

ಅಂದರೆ ಒಂದು ಊರು ಗುರುತು ಬದಲಾದರೂ ಆಳನ್ನು ಬಿಡಲಿಲ್ಲ, ಇನ್ನೊಂದು ಊರು ಪ್ರತಿಸಲ ಆಳನ್ನೂ ಗುರುತನ್ನೂ ಬದಲಾಯಿಸಿತು. ಎರಡು ಊರಿನವರೂ ತಮ್ಮ ಓಟಿಗೆ ಹೇಳುವ ಕಾರಣ ಮಾತ್ರ ಒಂದೇ: ಕೆಲಸ ಆಗಬೇಕು. ಟಿವಿಯವರು ಹೇಳುವ ಸಿದ್ಧಾಂತದ ಸಮರ ಈ ಕ್ಷೌರದಂಗಡಿಯಲ್ಲಿ ನನಗೆ ಕಾಣಲಿಲ್ಲ. ಕಂಡದ್ದು ಒಂದು ಬೀದಿದೀಪದ ದೂರು, ಒಂದು ಆನೆಯ ದೂರು.

ಹೊರಡುವಾಗ ಅಂಗಡಿಯವರು ಕೇಳಿದರು: "ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಯಾವಾಗ ಸಾ?" 2016ರಲ್ಲಿ ಗೆದ್ದವರ ಅವಧಿ 2021ಕ್ಕೇ ಮುಗಿಯಿತು. ಬಿಜೆಪಿ ಸರ್ಕಾರವೂ ನಡೆಸಲಿಲ್ಲ, ಈಗಿನದೂ ಇನ್ನೂ ನಡೆಸಿಲ್ಲ. ನಾಲ್ಕು ವರ್ಷದಿಂದ ತಾಲ್ಲೂಕಿಗೂ ಜಿಲ್ಲೆಗೂ ಆರಿಸಿ ಬಂದ ಸದಸ್ಯರಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಕಾರಣ ಕೊಡುತ್ತಾರೆ. ದಿಲ್ಲಿಯ ಸ್ಥಾನ ಹೋದೀತು ಎಂದು ಭಯಪಡುವವರು ಮನೆ ಬಾಗಿಲಿನ ಈ ಖಾಲಿ ಕುರ್ಚಿಗಳನ್ನು ದಾಟಿ ಹೇಗೆ ನಡೆದು ಹೋಗುತ್ತಾರೆ?

ನರ್ಸಮ್ಮ

ಗಂಡಸಿ ಹೋಬಳಿಯಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ಎಎನ್ಎಂ ಆಗಿದ್ದವರು. ಈಗ ಎಂಬತ್ತರ ಹತ್ತಿರ. ಇವತ್ತು ಮನೆಗೆ ಹೋಗಿ ಮಾತಾಡಿಸಿದೆ. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಬೋರ್ಡು, ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಗೋಡೆಬರಹ, ಆಪರೇಷನ್ ಕ್ಯಾಂಪು, ಅತ್ತೆಯರ ಬೈಗುಳ ಎಲ್ಲ ನೆನಪಿದೆ ಅವರಿಗೆ. ನಾನು ಹಳೆಯ ಒಂದು ಸಂಗತಿ ಹೇಳಿದೆ: 1930ರಲ್ಲಿ, ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು, ಜಗತ್ತಿನಲ್ಲಿ ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲು ಎನ್ನುತ್ತಾರೆ. ಅವರಿಗೆ ಗೊತ್ತಿರಲಿಲ್ಲ, ಕೇಳಿ ಸಂತೋಷಪಟ್ಟರು.

ಆಮೇಲೆ ಮೆಲ್ಲಗೆ ಕೇಳಿದರು: "ಆಂಧ್ರದ ಸಿಎಂ ಜಾಸ್ತಿ ಮಕ್ಕಳು ಹೆರಿ ಅಂತಾರಂತೆ. ಎರಡಕ್ಕಿಂತ ಜಾಸ್ತಿ ಇದ್ರೂ ಪಂಚಾಯ್ತಿಗೆ ನಿಲ್ಲಬೋದು ಅಂತ ಕಾನೂನೂ ಮಾಡಿದ್ರಂತೆ. ನಾನು ಮನೆಮನೆ ತಿರುಗಿ ಸಾಕು ಮಾಡಿ ಅಂದಿದ್ದು ತಪ್ಪಾಯ್ತಾ ಮೇಷ್ಟ್ರೇ?"

ನನಗೆ ಗಂಟಲು ಕಟ್ಟಿತು. ತಪ್ಪಲ್ಲ ಎಂದೆ. ಆರನೆಯ ಏಳನೆಯ ಹೆರಿಗೆಯಲ್ಲಿ ಸತ್ತ ಹೆಣ್ಣುಮಕ್ಕಳನ್ನು ನಾವಿಬ್ಬರೂ ಕಂಡವರು. ಆಮೇಲಿನ ಹೆಣ್ಣುಮಕ್ಕಳು ಎರಡು ಹೆತ್ತು ಬದುಕಿದರು, ಮಕ್ಕಳನ್ನು ಓದಿಸಿದರು, ನನ್ನ ತರಗತಿಗೆ ಕಳಿಸಿದರು. ಅದು ಅವರ ಒಳ್ಳೆಯದಕ್ಕೆ ಮಾಡಿದ ಕೆಲಸ, ಸ್ಥಾನಕ್ಕಾಗಿ ಅಲ್ಲ, ಅನುದಾನಕ್ಕಾಗಿ ಅಲ್ಲ. ಸ್ಥಾನ ಉಳಿಸಿಕೊಳ್ಳಲು ಹೆಣ್ಣುಮಕ್ಕಳು ಇನ್ನೊಂದು ಹೆರಬೇಕು ಎನ್ನುವ ಮಾತು ಯಾವ ಪಕ್ಷದಿಂದ ಬಂದರೂ ನನಗೆ ಹೇಸಿಗೆ. ಅವರು ಪಾಲಿಸಿದ್ದಕ್ಕೆ ಅವರ ಊರಿನ ಪಾಲು ಕಡಿಮೆಯಾಗುವುದೂ ಅಷ್ಟೇ ಅನ್ಯಾಯ.

ಪಾಲಿನ ಮಾತು

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಭಾಗದಲ್ಲಿ ಕರ್ನಾಟಕಕ್ಕೆ 14ನೇ ಹಣಕಾಸು ಆಯೋಗ ಕೊಟ್ಟದ್ದು ಶೇ. 4.713, 15ನೆಯದು ಕೊಟ್ಟದ್ದು ಶೇ. 3.647. ಇದಕ್ಕಾಗಿ 2024ರ ಫೆಬ್ರುವರಿ 7ರಂದು ಸಿದ್ದರಾಮಯ್ಯ ಮಂತ್ರಿಮಂಡಲವೇ ಜಂತರ್ ಮಂತರ್‌ನಲ್ಲಿ ಕೂತಿತು. ಇದು ನಮ್ಮ ಕೈಯಲ್ಲಿಲ್ಲ, ಆಯೋಗ ಹೇಳಿದಂತೆ ಕೊಡುತ್ತೇವೆ ಎಂದು ಕೇಂದ್ರದ ಹಣಕಾಸು ಸಚಿವರು ಉತ್ತರಿಸಿದರು.

ಪಾಲು ಇಳಿದದ್ದಕ್ಕೆ ಜನಸಂಖ್ಯೆಯೊಂದೇ ಕಾರಣ ಎಂದು ನಾನೂ ತಿಳಿದಿದ್ದೆ. ಕೂತು ಓದಿದಾಗ ಬೇರೆಯೇ ಕಂಡಿತು. 15ನೇ ಆಯೋಗ 1971ರ ಬದಲು 2011ರ ಜನಸಂಖ್ಯೆ ಹಿಡಿದದ್ದು ನಿಜ, ಅದಕ್ಕೆ ಕೊಟ್ಟ ತೂಕ ನೂರಕ್ಕೆ 15. ಜನನ ಪ್ರಮಾಣ ಇಳಿಸಿದವರಿಗೆಂದು 12.5 ಇಟ್ಟಿದೆ. ಎಲ್ಲಕ್ಕಿಂತ ದೊಡ್ಡ ತೂಕ, 45, ತಲಾ ಆದಾಯದ ಅಂತರಕ್ಕೆ: ಬಡ ರಾಜ್ಯಕ್ಕೆ ಹೆಚ್ಚು, ಶ್ರೀಮಂತ ರಾಜ್ಯಕ್ಕೆ ಕಡಿಮೆ. ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿ. ಬಡವರಿಗೆ ಹೆಚ್ಚು ಕೊಡಬೇಕು ಎನ್ನುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ನಮ್ಮ ಸರಾಸರಿ ಆದಾಯವನ್ನು ಮೇಲೆತ್ತಿದ್ದು ಬೆಂಗಳೂರು. ಆ ಸರಾಸರಿಯ ನೆರಳಿನಲ್ಲಿ ಅರಸೀಕೆರೆಯೂ ಸಿರಿವಂತ ಊರಾಗಿ ದಿಲ್ಲಿಗೆ ಕಾಣುತ್ತದೆ. ಬಿಳಿನೊಣ, ಕಪ್ಪುತಲೆ ಹುಳು ಬಿದ್ದು ಗರಿ ಒಣಗಿದ ತೆಂಗಿನ ತೋಟಗಳು ಆ ಸರಾಸರಿಯೊಳಗೆ ಕಾಣುವುದಿಲ್ಲ.

ಹೀಗೆ ಬೆಂಗಳೂರಿಗೆ ಹೋದವರ ತಲೆಯೆಣಿಕೆಯಲ್ಲಿ ಒಂದು ಸಲ ಕಳೆದುಕೊಂಡೆವು, ಅವರ ದುಡಿಮೆಯ ಎಣಿಕೆಯಲ್ಲಿ ಇನ್ನೊಂದು ಸಲ. ರಾಜ್ಯ ಸರ್ಕಾರ ದಿಲ್ಲಿಯ ಮುಂದೆ ಹಿಡಿದ ತಕ್ಕಡಿಯನ್ನೇ ಬೆಂಗಳೂರಿಗೂ ಗಂಡಸಿಗೂ ಹಿಡಿದು ನೋಡಲಿ ಎಂದು ಕೇಳುವುದು ತಪ್ಪೇ? ಹೋಟೆಲಿನಲ್ಲಿ ಇದನ್ನು ಎತ್ತಿದೆ. ಒಬ್ಬ ನನ್ನನ್ನು ಬಿಜೆಪಿಯವನು ಎಂದ. ಇನ್ನೊಬ್ಬ ಕಾಂಗ್ರೆಸ್ಸಿನವನು ಎಂದ. ದಳದ ಹಳಬರು ಮಾತ್ರ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಆ ಭಾಗಾಕಾರವನ್ನು ನಿಧಾನವಾಗಿ ಒಂದೊಂದೇ ಸಾಲು ಓದಿದರು.

ಜೂನ್ 2025, ತಂಗಿಯ ಮನೆ

ಜನಗಣತಿಯ ಅಧಿಸೂಚನೆ 16ಕ್ಕೆ ಹೊರಬಿತ್ತು. 2027ರ ಮಾರ್ಚ್ 1ಕ್ಕೆ ಎಷ್ಟು ಜನ ಎಂಬ ಲೆಕ್ಕ, ಈ ಸಲ ಜಾತಿಯೂ ಸೇರಿ.

ಕೊಬ್ಬರಿ ರೇಟು ಈ ವರ್ಷ ಕ್ವಿಂಟಲಿಗೆ ₹12,100ರ ಬೆಂಬಲ ಬೆಲೆಗಿಂತ ಬಹಳ ಮೇಲಿದೆ. ಆದರೆ ಅಟ್ಟದಲ್ಲಿ ಕಾಯಿ ಕಡಿಮೆ. ತಂಗಿ ಅಟ್ಟದಿಂದ ಇಳಿದು ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು: "ಅಣ್ಣಯ್ಯ, ಗಣತಿಯವ್ರು ಬಂದ್ರೆ ಮಗ, ಸೊಸೆ, ಮೊಮ್ಮಕ್ಕಳ ಹೆಸರು ಇಲ್ಲಿ ಬರೆಸ್ಬೋದಾ?"

ಎಣಿಕೆಯ ಹೊತ್ತಿನಲ್ಲಿ ಎಲ್ಲಿ ವಾಸವೋ ಅಲ್ಲಿ ಮಾತ್ರ ಬರೆಸಬೇಕು, ಅವರು ದಾಸರಹಳ್ಳಿಯಲ್ಲೇ ಬರೆಸುತ್ತಾರೆ ಎಂದೆ.

"ರೇಷನ್ ಕಾರ್ಡಲ್ಲಿ ಇದಾನಲ್ಲ?"

ಅದು ಬೇರೆ ಲೆಕ್ಕ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಡೇರಿಗೆ ಹೊತ್ತಾಯಿತು ಎಂದು ಕ್ಯಾನ್ ಎತ್ತಿಕೊಂಡಳು. ಹೊಸಿಲು ದಾಟುವಾಗ ತಿರುಗಿ, "ಹಂಗಾದ್ರೆ ಈ ಮನೇಲಿ ನಾನು, ನಿಮ್ಮ ಭಾವ, ಇಬ್ಬರು ಅಂತ ಬರೆಸ್ಬೇಕು" ಎಂದಳು.